ಕಿಲುಬಿನಲ್ಲಿ ಉಳಿದ ಸಿಂಹ

ಬೇಸಿಗೆ ಬಲಿತು ಕಪಿಲೆ ಇಳಿದಾಗ ನಂಜನಗೂಡಿನ ಸ್ನಾನಘಟ್ಟದ ಕೆಳಗಿನ ಮೆಟ್ಟಿಲುಗಳು ಬಿಸಿಲು ಕಾಣುತ್ತವೆ. ಆಗ ಅಲ್ಲಿಗೆ ಹುಡುಗರು ಬರುತ್ತಾರೆ. ಕೈಯಲ್ಲಿ ನೈಲಾನ್ ಹಗ್ಗ, ಅದರ ತುದಿಗೆ ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ. ನೀರಿಗೆ ಎಸೆದು, ತಳ ಮುಟ್ಟಿಸಿ, ನಿಧಾನಕ್ಕೆ ಎಳೆದರೆ ಒಂದು ರೂಪಾಯಿ, ಎರಡು ರೂಪಾಯಿಯ ಬಿಲ್ಲೆಗಳು ಕಚ್ಚಿಕೊಂಡು ಬರುತ್ತವೆ. ಹರಕೆ ಹೊತ್ತವರು, ಮುಡಿ ಕೊಟ್ಟವರು, ಸೇತುವೆ ದಾಟುವಾಗ ರೈಲಿನ ಕಿಟಕಿಯಿಂದಲೇ ನಂಜುಂಡೇಶ್ವರನಿಗೆ ಕೈಮುಗಿದವರು ಹೊಳೆಗೆ ಹಾಕಿದ ಕಾಸು ಅದು. ತಿರುಮಕೂಡಲು ನರಸೀಪುರದಲ್ಲೂ ಹೀಗೆಯೇ. ಕಾವೇರಿಗೆ ಕಪಿಲೆ ಕೂಡುವ ಜಾಗದಲ್ಲಿ, ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುವ ಆ ಮರಳಿನಲ್ಲಿ, ಜನ ಚದುರಿದ ಮೇಲೆ ಜರಡಿ ಹಿಡಿದವರು ಇಳಿಯುತ್ತಾರೆ.

ಅಯಸ್ಕಾಂತಕ್ಕೆ ಸಿಗುವುದು ಈಚಿನ ಸ್ಟೀಲ್ ನಾಣ್ಯ, ಹೆಚ್ಚೆಂದರೆ ಅರವತ್ತರ ದಶಕದ ನಿಕ್ಕಲ್ ಐವತ್ತು ಪೈಸೆ. ತಾಮ್ರ, ಹಿತ್ತಾಳೆ, ಕಂಚು, ಬೆಳ್ಳಿ, ಸೀಸ ಇವಾವುವೂ ಅದಕ್ಕೆ ಅಂಟುವುದಿಲ್ಲ. ಹಾಗಾಗಿ ನಿಜವಾಗಿ ಹಳೆಯದು ಸಿಗುವುದು ಜರಡಿಯಲ್ಲಿ, ಉಳುಮೆಯಲ್ಲಿ, ಮನೆಗೆ ಪಾಯ ತೋಡುವಾಗ, ಇಲ್ಲವೇ ಬರಿಗಾಲಿನ ಅಡಿಗೆ. ಹಸಿರು ಮೆತ್ತಿಕೊಂಡು, ಮಣ್ಣು ಗಟ್ಟಿಯಾಗಿ, ನಾಣ್ಯವೋ ಕೋಟಿನ ಗುಂಡಿಯೋ ಸೋಡಾ ಬಾಟಲಿಯ ಮುಚ್ಚಳವೋ ಹೇಳಲಾಗದ ಒಂದು ಬಿಲ್ಲೆ. ಸಿಕ್ಕವರು ಮೊದಲು ಅದನ್ನು ಹೆಬ್ಬೆರಳಿನಲ್ಲಿ ಉಜ್ಜುತ್ತಾರೆ. ಆಮೇಲೆ ಪಂಚೆಗೋ ಪ್ಯಾಂಟಿಗೋ ತಿಕ್ಕುತ್ತಾರೆ. ಮನೆಗೆ ತಂದು ಹುಣಸೆಹುಳಿಯಲ್ಲಿ ನೆನೆಹಾಕುತ್ತಾರೆ. ಈ ಮೂರನ್ನೂ ಮಾಡಬೇಡಿ ಎಂದು ಕೇಳಿಕೊಳ್ಳುವುದಕ್ಕಾಗಿಯೇ ನಾನು ಇದನ್ನು ಬರೆಯುತ್ತಿದ್ದೇನೆ.

ಮೂರನ್ನೂ ನಾನು ಮಾಡಿದ್ದೇನೆ. ಹೈಸ್ಕೂಲಿನಲ್ಲಿದ್ದಾಗ ಅಜ್ಜಿಯ ಊರಿನ ಗದ್ದೆಯ ಬದುವಿನಲ್ಲಿ ಒಂದು ತಾಮ್ರದ ಬಿಲ್ಲೆ ಸಿಕ್ಕಿತು. ನೀರಲ್ಲಿ ತೊಳೆದಾಗ ಹಸಿರಿನ ನಡುವೆ ಸಿಂಹದ ಬೆನ್ನು, ಎತ್ತಿದ ಮುಂಗಾಲು ಮಸುಕಾಗಿ ಕಂಡವು. ಪೂರ್ತಿ ನೋಡಬೇಕೆಂಬ ಆಸೆಯಾಯಿತು. ದೇವರ ಮನೆಯ ಹರಿವಾಣ ಬೆಳಗಲು ಅಜ್ಜಿ ನೆನೆಸಿಟ್ಟಿದ್ದ ಹುಣಸೆಹುಳಿಗೆ ಒಂದು ಹಿಡಿ ಉಪ್ಪು ಸೇರಿಸಿ, ರಾತ್ರಿಯೆಲ್ಲ ಅದರಲ್ಲಿ ಬಿಟ್ಟೆ. ಬೆಳಿಗ್ಗೆ ತೆಂಗಿನ ನಾರು ಹಿಡಿದು ಉಜ್ಜಿದೆ. ಬಿಲ್ಲೆ ಹೊಸ ತಾಮ್ರದ ಹಾಗೆ ನಸುಗೆಂಪಾಗಿ ಹೊಳೆಯಿತು. ಮೇಲೆಲ್ಲ ಸಿಡುಬಿನ ಕಲೆಯಂಥ ಗುಳಿಗಳು. ಸಿಂಹ ಇರಲಿಲ್ಲ. ಎಷ್ಟೋ ವರ್ಷ ಅದು ಮೊದಲೇ ಸವೆದಿತ್ತು ಎಂದುಕೊಂಡಿದ್ದೆ. ಸವೆದಿರಲಿಲ್ಲ. ಹುಳಿಯ ಪಾತ್ರೆಯಲ್ಲಿ ಕರಗಿ, ಹಸಿರು ನೀರಾಗಿ ಬಚ್ಚಲಿಗೆ ಹೋಗಿತ್ತು.

ಕನ್ನಡದಲ್ಲಿ ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರ ಹಿತ್ತಾಳೆಗೆ ಹಿಡಿಯುವುದು ಕಿಲುಬು. ಎರಡಕ್ಕೆ ಎರಡು ಹೆಸರಿಟ್ಟವರು ಎರಡರ ಸ್ವಭಾವವನ್ನೂ ಕಂಡವರೇ ಇರಬೇಕು. ತುಕ್ಕು ಉಬ್ಬುತ್ತದೆ, ಬಿರಿಯುತ್ತದೆ, ಪದರ ಪದರವಾಗಿ ಉದುರಿ ಒಳಗಿನ ಕಬ್ಬಿಣವನ್ನು ಮತ್ತೆ ಗಾಳಿಗೆ ಒಡ್ಡುತ್ತದೆ. ಕಿಲುಬು ಸಾಮಾನ್ಯವಾಗಿ ಹಾಗಲ್ಲ. ಮೈಗೆ ಅಂಟಿಕೊಂಡು, ಗಟ್ಟಿಯಾಗಿ, ಒಂದು ಹಂತದಲ್ಲಿ ತಾನೇ ಹೊದಿಕೆಯಾಗಿ ಒಳಗಿನ ಲೋಹವನ್ನು ಕಾಯುತ್ತದೆ. ಅಡುಗೆಮನೆಯಲ್ಲಿ ಕಿಲುಬೆಂದರೆ ಭಯ, ಅದು ಸರಿಯಾದ ಭಯವೇ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಸಾರೋ ಮಜ್ಜಿಗೆಯೋ ಉಳಿದರೆ ಹೊಟ್ಟೆಗೆ ನಂಜು. ಆದ್ದರಿಂದ ಹುಣಸೆ ಹಚ್ಚಿ ಬೆಳಗುವುದು ನಮ್ಮ ಹೆಂಗಸರ ಕೈಗೆ ತಲೆಮಾರುಗಳಿಂದ ಬಂದ ವಿದ್ಯೆ. ಪಾತ್ರೆಗೆ ಅದು ನ್ಯಾಯ. ಪಾತ್ರೆಯ ಮೇಲೆ ಓದುವಂಥದ್ದು ಏನೂ ಇರುವುದಿಲ್ಲ. ನಾಣ್ಯದ ಮೇಲಿರುವುದೆಲ್ಲ ಓದುವುದಕ್ಕೇ.

ಮಣ್ಣಿನಲ್ಲಿ ತಾಮ್ರಕ್ಕೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಎಲ್ಲ ತಪ್ಪೂ ಇದು ತಿಳಿಯದೆ ಆಗುವುದು. ತೇವ ಮತ್ತು ಗಾಳಿ ತಾಗಿದ ಕೂಡಲೇ ಲೋಹದ ಮೈಮೇಲೆ ಮೊದಲು ಇಟ್ಟಿಗೆ ಕೆಂಪಿನ ತೆಳ್ಳನೆಯ ಪದರ ಹುಟ್ಟುತ್ತದೆ. ರಸಾಯನಶಾಸ್ತ್ರದವರು ಇದನ್ನು ಕ್ಯುಪ್ರೈಟ್ ಎನ್ನುತ್ತಾರೆ. ತಾಮ್ರದ ಕಣಗಳು ಒಳಗಿನಿಂದ ಹೊರಕ್ಕೆ ಒಸರುತ್ತಲೇ ಇರುತ್ತವೆ. ಹೊರಗೆ ಬಂದವು ನೀರಿನಲ್ಲಿ ಕರಗಿದ ಇಂಗಾಲಾಮ್ಲದ ಜೊತೆ ಸೇರಿ ಹಸಿರು ಕಾರ್ಬೊನೇಟ್ ಆಗುತ್ತವೆ. ಅದೇ ಮ್ಯಾಲಕೈಟ್, ನಾವು ಕಿಲುಬು ಎನ್ನುವುದರ ಬಹುಪಾಲು. ಹೀಗೆ ನೂರು ಇನ್ನೂರು ವರ್ಷ ಕಳೆದಾಗ ನಾಣ್ಯ ಟಂಕಶಾಲೆಯಿಂದ ಹೊರಬಿದ್ದ ದಿನ ಯಾವ ಮೇಲ್ಮೈ ಹೊತ್ತಿತ್ತೋ ಅದು ಲೋಹದಲ್ಲಿ ಉಳಿದಿರುವುದಿಲ್ಲ. ಕೆಂಪು ಪದರ ಮತ್ತು ಹಸಿರು ಪದರ ಸೇರುವ ಗಡಿಯಲ್ಲಿ, ಕಿಲುಬಿನೊಳಗೇ ಅಚ್ಚಿನ ಹಾಗೆ ಉಳಿದಿರುತ್ತದೆ. ಅಕ್ಷರ, ಇಸವಿ, ಸಿಂಹದ ಕೇಸರ ಎಲ್ಲವೂ ಅಲ್ಲಿ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಯುದ್ಧದ ಚಿತ್ರಗಳಿವೆಯಲ್ಲ, ಅವು ಗಾರೆಯ ಮೇಲಿವೆ. ಗಾರೆ ಹಳತಾಯಿತೆಂದು ಕೆರೆದರೆ ಅಡಿಯಲ್ಲಿ ಬರೀ ಗೋಡೆ. ಹುಣಸೆಯ ಹುಳಿ, ನಿಂಬೆಯ ಹುಳಿ, ವಿನೆಗರ್ ಎಲ್ಲವೂ ಗಾರೆಯನ್ನೇ ಕರಗಿಸುತ್ತವೆ.

ನಂಜನಗೂಡು, ನರಸೀಪುರ ಎಂಬ ನಮ್ಮ ಎರಡು ತಾಲ್ಲೂಕುಗಳ ನೆಲದಲ್ಲಿ ಸಿಗುವುದು ಏನೇನು? ನಾನು ನೋಡಿದ್ದರಲ್ಲಿ ಹೆಚ್ಚಿನವು ಬ್ರಿಟಿಷರ ಕಾಲದ ಕಾಲಾಣೆಗಳು. 1906ಕ್ಕೆ ಮೊದಲಿನವು ತಾಮ್ರ, ಆಮೇಲಿನವು ಕಂಚು. ನಡುವೆ ತೂತಿರುವ ಕಾಸು ಎರಡನೆಯ ಮಹಾಯುದ್ಧದ ಕೂಸು. ಲೋಹ ಉಳಿಸಲೆಂದು 1943ರಿಂದ ಹಾಗೆ ಹೊಡೆದರು. ಅಂಚು ಬಳುಕಿದ ಒಂದಾಣೆ, 1957ರ ಏಪ್ರಿಲ್ 1ರಿಂದ ಬಂದ ನಯಾಪೈಸೆ ಇವು ಇನ್ನೂ ಹಿರಿಯರ ನೆನಪಿನಲ್ಲಿರುವ ಹಣ. ಇವುಗಳಿಗಿಂತ ಹಿಂದಕ್ಕೆ ಹೋದರೆ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳು. ಮೊದಲಿನವುಗಳಲ್ಲಿ ಆನೆ, ಆಮೇಲಿನವುಗಳಲ್ಲಿ ಸಿಂಹ, ಮೇಲೆ ಸೂರ್ಯ ಚಂದ್ರ, ಚಾಮುಂಡಿಯ ಹೆಸರು. ಹಿಂದೆ ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದೂ ಅದರ ಬೆಲೆಯೂ, ಜೊತೆಗೆ ಪಾರಸಿ ಮತ್ತು ಇಂಗ್ಲಿಷ್ ಬರಹ. ಒಂದು ಬೆರಳಗಲದ ತಾಮ್ರದಲ್ಲಿ ಮೂರು ಲಿಪಿ! ಇವನ್ನು ಹೊಡೆದ ಮೈಸೂರು ಸಂಸ್ಥಾನದ ಟಂಕಶಾಲೆ 1843ರಲ್ಲಿ ನಿಂತುಹೋಯಿತು. ಅಜ್ಜಿಯ ಊರಿನಲ್ಲಿ ನಾನು ಕರಗಿಸಿದ್ದು ಇಂಥ ಒಂದು ಸಿಂಹದ ಕಾಸನ್ನೇ.

ಅದಕ್ಕೂ ಹಿಂದೆ ಟಿಪ್ಪುವಿನ ಆನೆ ಪೈಸೆ, ಸುಮಾರು 11 ಗ್ರಾಂ ತೂಗುವ ದಪ್ಪ ತಾಮ್ರ. ಅವನ ತಾಮ್ರದ ನಾಣ್ಯಗಳಿಗೆ ಗ್ರಹ ನಕ್ಷತ್ರಗಳ ಹೆಸರು: ಪೈಸೆಗೆ ಜೊಹ್ರಾ, ಅಂದರೆ ಶುಕ್ರ, ಅರ್ಧಕ್ಕೆ ಬಹ್ರಾಮ್, ಅಂದರೆ ಮಂಗಳ. ಟಿಪ್ಪುವಿನ ಪಟ್ಟದ ಆನೆಯ ಕಣ್ಣು ಹೋಗಿ, ನಂಜುಂಡೇಶ್ವರನಿಗೆ ಹರಕೆ ಹೊತ್ತು ವಾಸಿಯಾಗಿ, ಅವನು ದೇವಸ್ಥಾನಕ್ಕೆ ಮರಕತದ ಲಿಂಗ ಒಪ್ಪಿಸಿ ದೇವರನ್ನು ಹಕೀಂ ನಂಜುಂಡ ಎಂದು ಕರೆದನೆಂಬ ಐತಿಹ್ಯ ನಮ್ಮೂರಿನ ಮಕ್ಕಳಿಗೂ ಗೊತ್ತು. ಆ ಊರಿನ ಹೊಳೆಯಲ್ಲಿ ಆನೆಯಿರುವ ಕಾಸು ಸಿಕ್ಕಾಗ ಕೈ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ.

ಗುಂಡಿಗಳು, ಬಿಲ್ಲೆಗಳು ಬೇರೆಯೇ ಒಂದು ಲೋಕ. ಸಂಸ್ಥಾನದ ಕಾಲದಲ್ಲಿ ಅರಮನೆಯ ಊಳಿಗದವರು, ಸೈನಿಕರು ಹಾಕುತ್ತಿದ್ದ ಕೋಟಿನ ಹಿತ್ತಾಳೆ ಗುಂಡಿಗಳಲ್ಲಿ ಗಂಡಭೇರುಂಡ ಇರುತ್ತಿತ್ತು. ಕಚೇರಿಯ ದಲಾಯತರ ಎದೆಯ ಮೇಲಿನ ಪಟ್ಟಿಗೆ ಹಿತ್ತಾಳೆ ಬಿಲ್ಲೆ. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ, ಅದು ಚಾಮರಾಜನಗರ ಮುಟ್ಟಿದ್ದು 1926ರಲ್ಲಿ. ಆ ಹಳಿಯ ಉದ್ದಕ್ಕೂ ದುಡಿದವರ ಅಂಗಿಗಳಿಂದ ಉದುರಿದ ಗುಂಡಿಗಳು ಇನ್ನೂ ಮಣ್ಣಿನಲ್ಲಿವೆ. ನಾಣ್ಯಕ್ಕೆ ಪುಸ್ತಕಗಳಿವೆ, ಪಟ್ಟಿಗಳಿವೆ, ಮೈಸೂರಿನ ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳ ಬಗ್ಗೆಯೇ ಒಂದು ಗ್ರಂಥ ಬರೆದಿದ್ದಾರೆ. ಗುಂಡಿಗೆ ಅಂಥ ಆಸರೆ ಕಡಿಮೆ. ಅದು ತನ್ನ ಗುರುತನ್ನು ಮೈಮೇಲೇ ಹೊತ್ತಿರುತ್ತದೆ: ಮುಂದೆ ಲಾಂಛನ, ಹಿಂದೆ ಕೊಂಡಿಯ ಸುತ್ತ ಕಣ್ಣಿಗೆ ಕಾಣದಷ್ಟು ಚಿಕ್ಕ ಅಕ್ಷರದಲ್ಲಿ ತಯಾರಕರ ಹೆಸರು, ಊರು. ಬರ್ಮಿಂಗ್‌ಹ್ಯಾಮ್ ಆಗ ಲೋಕಕ್ಕೆಲ್ಲ ಗುಂಡಿ ಒದಗಿಸುತ್ತಿದ್ದ ಊರು. ಹಿಂಭಾಗವೆಂದು ಉಜ್ಜಿದರೆ ಆ ಹೆಸರು ಹೋಯಿತು, ಗುಂಡಿ ಅನಾಥವಾಯಿತು.

ಈಗ ನಾನು ಹೇಗೆ ಮಾಡುತ್ತೇನೆ ಎಂದು ಹೇಳುತ್ತೇನೆ. ನರಸೀಪುರದ ಕಡೆಯ ಸ್ನೇಹಿತರೊಬ್ಬರು ಅಟ್ಟ ಗುಡಿಸುವಾಗ ಸಿಕ್ಕ ಮಡಕೆಯ ತಳದಲ್ಲಿದ್ದ ಒಂದು ಮಯಿಲಿ ಕಾಸನ್ನು ನನಗೆ ಕೊಟ್ಟರು. ಮಡಕೆಯೊಳಗೆ ಮಳೆ ಸೋರಿ ಮಣ್ಣೂ ಕಿಲುಬೂ ಸೇರಿ ಗಾರೆಯಾಗಿತ್ತು. ಅದು ಇಪ್ಪತ್ತು ಕಾಸಿನದು ಎಂದು ಅಗಲ ನೋಡಿ ಊಹಿಸಿದೆ, ಅಷ್ಟೇ. ಮೊದಲು ತೂಕ ಮಾಡಿ, ಎರಡೂ ಕಡೆ ಫೋಟೊ ತೆಗೆದೆ. ಆಮೇಲೆ ಗಾಜಿನ ಬಟ್ಟಲಿನಲ್ಲಿ ಡಿಸ್ಟಿಲ್ಡ್ ವಾಟರ್ ಹಾಕಿ ಅದರಲ್ಲಿ ಬಿಟ್ಟೆ. ಗ್ಯಾರೇಜಿನಲ್ಲಿ ಬ್ಯಾಟರಿಗೆ ಹಾಕಲು ಕೊಡುತ್ತಾರಲ್ಲ, ಆ ನೀರು. ಕೇಳಿ ತರಬೇಕು, ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ಡೂ ಇರುತ್ತದೆ. ನಲ್ಲಿ ನೀರು ಬೇಡ, ಅದರಲ್ಲಿ ಕ್ಲೋರಿನ್ ಇದೆ. ಬೋರ್‌ವೆಲ್ ನೀರೂ ಬೇಡ, ಅದರಲ್ಲಿ ಉಪ್ಪಿದೆ. ದಿನಕ್ಕೊಮ್ಮೆ ನೀರು ಬದಲಿಸುತ್ತಾ ಬಂದೆ. ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರ ಬಟ್ಟಲಿನ ತಳದಲ್ಲಿ ನಯವಾದ ಕೆಸರು ಕೂತಿತು. ಮೂರನೆಯ ವಾರ ಅಂಚಿನಲ್ಲಿ ಮಣ್ಣು ಸಡಿಲವಾದದ್ದು ಬೆರಳಿಗೆ ತಿಳಿಯಿತು.

ಕೆಲಸ ಶುರುವಾಗುವುದು ಆಮೇಲೆ. ಹತ್ತು ಪಟ್ಟು ದೊಡ್ಡದಾಗಿ ತೋರುವ ಮಸೂರ, ಊದುಕಡ್ಡಿಯಿಂದ ಬಿಡಿಸಿ ಚೂಪು ಮಾಡಿದ ಬಿದಿರಿನ ಕಡ್ಡಿ, ಒಂದು ಜಾಲಿ ಮುಳ್ಳು, ಮಕ್ಕಳ ಮೆತ್ತನೆಯ ಟೂತ್‌ಬ್ರಷ್ ಇವಿಷ್ಟೇ ಸಲಕರಣೆ. ಬಿದಿರು ತಾಮ್ರಕ್ಕಿಂತ ಮೆದು, ಗೀರುವುದಿಲ್ಲ. ಸೂಜಿ, ಬ್ಲೇಡು, ಸ್ಟೀಲ್ ನಾರು ಹತ್ತಿರಕ್ಕೂ ಬರಕೂಡದು. ಬಿಲ್ಲೆ ಒದ್ದೆಯಾಗಿರುವಾಗಲೇ, ಕಡ್ಡಿಯನ್ನು ಮಲಗಿಸಿ ಹಿಡಿದು, ಬಯಲಿನಿಂದ ಅಂಚಿನ ಕಡೆಗೆ ಮಣ್ಣನ್ನು ನೂಕಬೇಕು. ಒಂದು ಸಂಜೆಗೆ ಅಕ್ಕಿಕಾಳಿನಷ್ಟು ಜಾಗ ಬಿಡಿಸಿದರೆ ಅದು ಒಳ್ಳೆಯ ಸಂಜೆ. ಮೊದಲು ಬಿಟ್ಟುಕೊಟ್ಟದ್ದು ಒಂದು ಚುಕ್ಕೆ. ಮಣ್ಣೇ ಇರಬೇಕೆಂದುಕೊಂಡೆ. ಮಾರನೆಯ ಸಂಜೆ ಅದರ ಪಕ್ಕದಲ್ಲಿ ಉಗುರಿನಂಥ ಬಾಗು ಕಂಡಿತು. ಚಂದ್ರ. ಹಾಗಾದರೆ ಚುಕ್ಕೆ ಸೂರ್ಯ. ಅದರ ಕೆಳಗೆ ಇರಲೇಬೇಕಾದ ಬಾಲದ ತುದಿಯನ್ನು ಹುಡುಕಿಕೊಂಡು ನಾಲ್ಕು ಸಂಜೆ ಕೂತೆ. ಬಾಲ ಸಿಕ್ಕಿತು, ಬೆನ್ನಿನ ಗೆರೆ ಸಿಕ್ಕಿತು, ಎತ್ತಿದ ಮುಂಗಾಲು ಬಂತು. ಅದು ಬಂದ ರಾತ್ರಿ ನನಗೆ ಅಜ್ಜಿಯ ಊರಿನ ಹುಣಸೆ ಬಟ್ಟಲು ನೆನಪಾಗಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಎಲ್ಲಿ ನಿಲ್ಲಿಸಬೇಕು ಎಂಬುದೇ ಇದರಲ್ಲಿ ಕಷ್ಟದ ಪಾಠ. ಕಡ್ಡಿಯ ಕೆಳಗೆ ಮಣ್ಣಿನ ಗರಗರ ಹೋಗಿ, ಹಲ್ಲಿನ ಮೇಲೆ ನಾಲಗೆ ಆಡಿಸಿದಾಗ ಸಿಗುವಂಥ ನುಣುಪು ಸಿಕ್ಕಿದರೆ ಅಲ್ಲಿಗೆ ಮೂಲ ಮೇಲ್ಮೈ ಬಂತು. ಬಣ್ಣ ಕಡುಹಸಿರೋ ಚಾಕಲೇಟ್ ಕಂದೋ ಇರಬಹುದು. ಇನ್ನಷ್ಟು ಹೊಳಪು ಬರಲಿ ಎಂದು ಮುಂದುವರಿದರೆ ಕೆಂಪು ಕಾಣುತ್ತದೆ. ಕೆಂಪು ಕಂಡಿತೆಂದರೆ ಮುಖ ದಾಟಿ ಒಳಗೆ ಹೋದಿರಿ ಎಂದೇ ಅರ್ಥ. ನನ್ನ ಕಾಸಿನ ಎಡ ಅಂಚಿನಲ್ಲಿ ಅಂಥದ್ದೊಂದು ಕೆಂಪು ಮಚ್ಚೆ ಇದೆ, ಸಾಸಿವೆಯಷ್ಟು. ಅಲ್ಲಿದ್ದ ಒಂದು ಅಕ್ಷರದ ಕೊಂಬು ಹೋಯಿತು.

ಕೊನೆಗೆ ಒಣಗಿಸುವುದು. ಒಲೆಯಿಂದ ದೂರ ಕೂತು, ಕಿಟಕಿ ತೆಗೆದಿಟ್ಟು, ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಒಮ್ಮೆ ಅದ್ದಿ ತೆಗೆದರೆ ಗುಳಿಗಳಲ್ಲಿದ್ದ ನೀರೂ ಹೊರಟುಹೋಗುತ್ತದೆ. ವಿದೇಶದ ಹವ್ಯಾಸಿಗಳು ಆಲಿವ್ ಎಣ್ಣೆಯಲ್ಲಿ ತಿಂಗಳುಗಟ್ಟಲೆ ನೆನೆಸುವುದನ್ನು ಕೇಳಿ ನಮ್ಮಲ್ಲಿ ಕೆಲವರು ಕೊಬ್ಬರಿ ಎಣ್ಣೆ, ಹರಳೆಣ್ಣೆ ಹಚ್ಚುತ್ತಾರೆ. ಆ ದಿನ ಚೆನ್ನಾಗಿಯೇ ಕಾಣುತ್ತದೆ. ಎಣ್ಣೆ ಕಮಟಾದಂತೆ ಅದರಲ್ಲಿ ಆಮ್ಲ ಹುಟ್ಟುತ್ತದೆ, ತಾಮ್ರವನ್ನು ಮತ್ತೆ ತಿನ್ನಲು ತೊಡಗುತ್ತದೆ. ಕಾಯುವ ಹೊದಿಕೆ ಬೇಕಿದ್ದರೆ ವಸ್ತುಸಂಗ್ರಹಾಲಯದವರು ಬಳಸುವ ಮೈಕ್ರೋಕ್ರಿಸ್ಟಲೈನ್ ಮೇಣವಿದೆ. ತೆಳುವಾಗಿ ಹಚ್ಚಿ ಹತ್ತಿಬಟ್ಟೆಯಲ್ಲಿ ಒರೆಸಿದರೆ ಸಾಕು.

ಕಿಲುಬು ಕಾಯುತ್ತದೆ ಎಂದೆ. ಕಾಯದ ಒಂದು ಜಾತಿಯೂ ಇದೆ. ಇಂಗ್ಲಿಷಿನವರು ಅದನ್ನು ಕಂಚಿನ ರೋಗ ಎನ್ನುತ್ತಾರೆ, ನಾನು ತಾಮ್ರದ ನಂಜು ಎನ್ನುತ್ತೇನೆ. ನಂಜು ಉಂಡವನ ಊರಿನವನು, ನನಗೆ ಆ ಮಾತೇ ಸರಿ ಅನ್ನಿಸುತ್ತದೆ. ಉಪ್ಪಿನ ಅಂಶವಿರುವ ಮಣ್ಣಿನಲ್ಲಿ ಬಿದ್ದ ತಾಮ್ರದ ಆಳದಲ್ಲಿ ಕ್ಯುಪ್ರಸ್ ಕ್ಲೋರೈಡ್ ಎಂಬ ಮೇಣದಂಥ ವಸ್ತು ಕೂಡಿಕೊಂಡಿರುತ್ತದೆ. ಕಾಲುವೆ ನೀರು ನಿಂತು ಚೌಳಾದ ಗದ್ದೆಯ ಮಣ್ಣು ಅದಕ್ಕೆ ಒಳ್ಳೆಯ ತವರು. ಬೆವರಿನ ಕೈಯೂ ಅಷ್ಟೋ ಇಷ್ಟೋ ಉಪ್ಪು ಕೊಡುತ್ತದೆ. ಹುಳಿಗೆ ನಾನು ಹಾಕಿದ ಒಂದು ಹಿಡಿ ಉಪ್ಪಂತೂ ಅದನ್ನೇ ಕೊಟ್ಟಿತ್ತು. ಗಾಳಿಯ ತೇವಾಂಶ ಶೇ 42–46ನ್ನು ದಾಟಿದರೆ ಇದು ಎಚ್ಚರಗೊಳ್ಳುತ್ತದೆ. ತೇವ ಮತ್ತು ಆಮ್ಲಜನಕದ ಜೊತೆ ಸೇರಿ ತಿಳಿಹಸಿರು ಪುಡಿಯಾಗುತ್ತದೆ, ಹಾಗಾಗುವಾಗ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಬಿಡುತ್ತದೆ. ಆ ಆಮ್ಲ ಪಕ್ಕದ ತಾಮ್ರವನ್ನು ತಿಂದು ಮತ್ತೆ ಅದೇ ಕ್ಲೋರೈಡ್ ಹುಟ್ಟಿಸುತ್ತದೆ. ಹೀಗೆ ಒಂದು ಸುತ್ತು ಇನ್ನೊಂದನ್ನು ಸಾಕುತ್ತದೆ. ಮಾರ್ಚಿನ ಒಣ ಮಧ್ಯಾಹ್ನಗಳಲ್ಲಿ ನಿದ್ದೆ ಮಾಡಿದ ಈ ನಂಜು ಆಷಾಢದ ಮೋಡ ಕವಿದಾಗ ಏಳುತ್ತದೆ. ಡಬ್ಬಿ ತೆಗೆದರೆ ನಾಣ್ಯದ ಪಕ್ಕ ಹಿಟ್ಟು ಚೆಲ್ಲಿದ ಹಾಗೆ ತಿಳಿಹಸಿರು ಪುಡಿ, ನಾಣ್ಯದಲ್ಲಿ ಗುಳಿ.

ಗುರುತು ಹಿಡಿಯುವುದು ಸುಲಭ. ಒಳ್ಳೆಯ ಕಿಲುಬು ಗಟ್ಟಿ, ಕಡುಬಣ್ಣ, ಮೈಗೆ ಅಂಟಿದ್ದು. ನಂಜು ತಿಳಿಬಣ್ಣ, ಪುಡಿಪುಡಿ, ಕಡ್ಡಿ ತಾಕಿದರೆ ಉದುರುತ್ತದೆ, ಒರೆಸಿದರೆ ವಾರದಲ್ಲಿ ಮರಳುತ್ತದೆ. ಕಂಡ ಕೂಡಲೇ ಆ ನಾಣ್ಯವನ್ನು ಉಳಿದವುಗಳಿಂದ ಬೇರೆ ಮಾಡಿ, ಒಣ ಜಾಗದಲ್ಲಿ, ಸಿಲಿಕಾ ಜೆಲ್ ಇರುವ ಬಿಗಿ ಡಬ್ಬಿಯಲ್ಲಿ ಇಡಬೇಕು. ಬಟ್ಟೆ ಸೋಡಾ ಮತ್ತು ಅಡುಗೆ ಸೋಡಾ ಸೇರಿದ ಸೆಸ್ಕ್ವಿಕಾರ್ಬೊನೇಟಿನ ಶೇ 5ರ ದ್ರಾವಣದಲ್ಲಿ ವಾರಗಟ್ಟಲೆ ನೆನೆಸಿ ಕ್ಲೋರೈಡನ್ನು ಹೊರಗೆಳೆಯುವುದು ಹಳೆಯ ಕ್ರಮ. 1967ರಲ್ಲಿ ಡೆನ್ಮಾರ್ಕಿನ ಮ್ಯಾಡ್ಸನ್ ಎಂಬುವರು ಬೆಂಜೋಟ್ರಯಜೋಲ್ ಬಳಸುವ ಕ್ರಮವನ್ನು ಪ್ರಕಟಿಸಿದ ಮೇಲೆ ಲೋಕದ ಪ್ರಯೋಗಾಲಯಗಳು ಅದನ್ನು ಹಿಡಿದವು. ಮೊದಲನೆಯದು ಅಳತೆ ತಪ್ಪಿದರೆ ಒಳ್ಳೆಯ ಕಿಲುಬನ್ನೂ ಕದಲಿಸುತ್ತದೆ, ಎರಡನೆಯದು ಮೈಗೆ ಕೆಟ್ಟದ್ದು. ಎರಡನ್ನೂ ಅಡುಗೆಮನೆಯಲ್ಲಿ ಮಾಡಬೇಡಿ ಎಂದೇ ನನ್ನ ಮಾತು. ನಮಗೆ ಪುಣ್ಯಕ್ಕೆ ದೂರ ಹೋಗಬೇಕಾಗಿಲ್ಲ. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಪ್ರಯೋಗಾಲಯ ಮೈಸೂರಿನಲ್ಲೇ ಇದೆ. ರಾಜ್ಯ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿಯೂ ಅಲ್ಲಿಯೇ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ.

ಗುಂಡಿಯ ವಿಷಯ ನಾಣ್ಯಕ್ಕಿಂತ ನಾಜೂಕು. ಹಳೆಯ ಸಮವಸ್ತ್ರದ ಗುಂಡಿಗಳಲ್ಲಿ ಕೆಲವಕ್ಕೆ ಚಿನ್ನದ ನೀರು ಕೊಟ್ಟಿರುತ್ತಾರೆ. ಕೂದಲಿಗಿಂತ ತೆಳುವಾದ ಆ ಚಿನ್ನಕ್ಕೆ ಏನೂ ಆಗಿರುವುದಿಲ್ಲ. ಆದರೆ ಅದರ ಅಡಿಯ ತಾಮ್ರ ಕಿಲುಬಾಗಿ ಮೇಲೆದ್ದು ಚಿನ್ನವನ್ನು ತಲೆಯ ಮೇಲೆ ಹೊತ್ತಿರುತ್ತದೆ. ಹುಳಿಗೆ ಹಾಕಿದಿರೋ, ಹೊರುವುದು ಕರಗಿ ಚಿನ್ನದ ಹಾಳೆ ನೀರಲ್ಲಿ ತೇಲುತ್ತದೆ. ಹಿತ್ತಾಳೆ ಗುಂಡಿಯದು ಇನ್ನೊಂದು ಕಷ್ಟ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಬೆರಕೆ. ಮಣ್ಣೂ ಹುಳಿಯೂ ಮೊದಲು ಸತುವನ್ನು ಎಳೆದುಕೊಳ್ಳುತ್ತವೆ, ಉಳಿಯುವುದು ಸ್ಪಂಜಿನಂಥ ಕೆಂಪು ತಾಮ್ರ. ಹುಣಸೆ ಹಚ್ಚಿದ ಗುಂಡಿಯಲ್ಲಿ ಅಲ್ಲಲ್ಲಿ ಗುಲಾಬಿ ಮಚ್ಚೆ ಏಳುವುದು ಅದಕ್ಕೇ, ಅದನ್ನು ಮತ್ತೆ ಹಳದಿ ಮಾಡಲು ಆಗುವುದಿಲ್ಲ. ಗುಂಡಿಯ ಕೊಂಡಿಯಲ್ಲಿ ನೂಲಿನ ಎಳೆ ಉಳಿದಿದ್ದರೆ ಅದನ್ನು ಕೀಳಬೇಡಿ. ತಾಮ್ರದ ಲವಣಕ್ಕೆ ಹುಳುಬೂಷ್ಟುಗಳು ಹೆದರುವುದರಿಂದ ಆ ದಾರ ನೂರು ವರ್ಷ ಬದುಕಿರುತ್ತದೆ. ಯಾವನೋ ಸಿಪಾಯಿಯ ಅಂಗಿಗೆ ಯಾರೋ ಹಾಕಿದ ಹೊಲಿಗೆ ಅದು.

ಉಳಿದ ಲೋಹಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಬೆಳ್ಳಿ ರೂಪಾಯಿ ಕಪ್ಪಾಗಿದ್ದರೆ ಅದು ಗಂಧಕದ ಕೆಲಸ. ವಿಭೂತಿ, ಹಲ್ಲುಪುಡಿ ಹಾಕಿ ತಿಕ್ಕಿದರೆ ರಾಜನ ಮೂಗು ಸವೆಯುತ್ತದೆ, ಕಪ್ಪನ್ನು ಹಾಗೆಯೇ ಬಿಡುವುದು ವಾಸಿ. ಅಲ್ಯೂಮಿನಿಯಂ ಹತ್ತು ಪೈಸೆಗೆ ಯಾವ ಸೋಡಾವನ್ನೂ ತೋರಿಸಬೇಡಿ, ಕ್ಷಾರ ಅದನ್ನು ತಿನ್ನುತ್ತದೆ. ಸೀಸದ ಬಿಲ್ಲೆಯ ಮೇಲೆ ಬಿಳಿ ಪುಡಿ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಅದು ವಿಷ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ ಅವರು ಅಗೆಸಿ ತೆಗೆದ ಸಾತವಾಹನರ ಕಾಲದ ನಾಣ್ಯಗಳಲ್ಲಿ ಸೀಸದವೂ ಇದ್ದವು, ಆದ್ದರಿಂದ ಸೀಸವೆಂದು ಎಸೆಯಲೂ ಬೇಡಿ. ಚಿನ್ನಕ್ಕೆ ಮಾತ್ರ ಇದಾವುದರ ಚಿಂತೆಯಿಲ್ಲ. ನರಸೀಪುರ ತಾಲ್ಲೂಕಿನ ತಲಕಾಡನ್ನು ಚೋಳರಿಂದ ಗೆದ್ದ ಹೊಯ್ಸಳ ವಿಷ್ಣುವರ್ಧನ ‘ಶ್ರೀ ತಳಕಾಡುಗೊಂಡ’ ಎಂದು ಕನ್ನಡದಲ್ಲಿ ಬರೆಸಿದ ಚಿನ್ನದ ನಾಣ್ಯ ಒಂಬೈನೂರು ವರ್ಷಗಳಾದರೂ ಹಾಗೆಯೇ ಓದಲು ಬರುತ್ತದೆ.

ಇಡುವ ಡಬ್ಬಿಯೂ ಮುಖ್ಯ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಪಿವಿಸಿ ಹಾಳೆಯ ಆಲ್ಬಮ್ ನಾಣ್ಯಕ್ಕೆ ಶತ್ರು. ಆ ಪ್ಲಾಸ್ಟಿಕ್ ಹಳತಾದಂತೆ ಆಮ್ಲದ ಹಬೆ ಬಿಡುತ್ತದೆ, ನಾಣ್ಯದ ಮೇಲೆ ಹಸಿರು ಲೋಳೆ ಕೂರುತ್ತದೆ. ಮೈಲಾರ್ ಹಾಳೆಯ ಚೌಕಗಳೋ, ಆಮ್ಲವಿಲ್ಲದ ಕಾಗದದ ಲಕೋಟೆಗಳೋ ಸಾಕು.

ಕಿಲುಬಿನ ಹೆಸರಿನಲ್ಲಿ ಮೋಸ ಹೋಗುವವರೂ ಇದ್ದಾರೆ, ಅವರನ್ನು ನೆನೆದರೆ ನನಗೆ ಸಂಕಟ. ಒಂದು ಕಡೆ ಹನುಮಂತ ಅಥವಾ ರಾಮಪಟ್ಟಾಭಿಷೇಕ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, 1818 ಎಂದಿರುವ ತಾಮ್ರದ ಬಿಲ್ಲೆಯನ್ನು ಲಕ್ಷ ಬೆಲೆಯದೆಂದು ತೋರಿಸುತ್ತಾರೆ. ಕಂಪನಿ ಅಂಥ ನಾಣ್ಯ ಹೊಡೆಸಿಯೇ ಇಲ್ಲ. ಅಕ್ಕಿಕಾಳು ಎಳೆಯುವ ಶಕ್ತಿ ಇದೆ ಎಂದು ‘ರೈಸ್ ಪುಲ್ಲಿಂಗ್’ ಹೆಸರಿನಲ್ಲಿ ಹೊಲ ಮಾರಿಸಿದವರೂ ಉಂಟು. ತಾಮ್ರ ಯಾವ ಅಕ್ಕಿಯನ್ನೂ ಎಳೆಯುವುದಿಲ್ಲ. ಇಂಥ ಬಿಲ್ಲೆಗಳ ಹಸಿರು ಸಾಮಾನ್ಯವಾಗಿ ಹಚ್ಚಿದ್ದು, ಗುಳಿಗಳಲ್ಲಿ ಬಣ್ಣದ ಹಾಗೆ ಒಂದೇ ಸಮ ಕೂತಿರುತ್ತದೆ. ಅದರ ಅಡಿಯಲ್ಲಿ ಕೆಂಪು ಪದರವಿರುವುದಿಲ್ಲ. ನೆಲ ನೂರು ವರ್ಷದಲ್ಲಿ ಕಟ್ಟುವುದನ್ನು ಒಂದು ವಾರದಲ್ಲಿ ಹಚ್ಚಲು ಬರುವುದಿಲ್ಲ.

ಇನ್ನು ಕಾನೂನಿನ ಮಾತು. ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ಹಳೆಯ ವಸ್ತು ಸಿಕ್ಕಿದರೆ ಸರ್ಕಾರಕ್ಕೆ ತಿಳಿಸಬೇಕು ಎಂದು 1878ರ ನಿಧಿ ಕಾಯ್ದೆಯೂ ನಮ್ಮ ರಾಜ್ಯದ 1962ರ ಕಾಯ್ದೆಯೂ ಹೇಳುತ್ತವೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಸೋಮನಾಥಪುರ, ತಲಕಾಡಿನಂಥ ಸಂರಕ್ಷಿತ ಸ್ಮಾರಕಗಳ ಸುತ್ತ ಲೋಹ ಪತ್ತೆಹಚ್ಚುವ ಯಂತ್ರ ಹಿಡಿದು ಹುಡುಕುವುದು, ಅಗೆಯುವುದು ಹವ್ಯಾಸವಲ್ಲ, ಅಪರಾಧ. ನಾನು ಬರೆದದ್ದು ತಾನಾಗಿ ಕೈಗೆ ಬಂದ ಬಿಡಿ ಬಿಲ್ಲೆಯ ಬಗ್ಗೆ. ಮಡಕೆ ತುಂಬ ಸಿಕ್ಕಿದರೆ ಒಂದನ್ನೂ ತೊಳೆಯದೆ, ಮಡಕೆಯನ್ನೂ ಕದಲಿಸದೆ ತಹಸೀಲ್ದಾರರಿಗೆ ಹೇಳಿ.

ಬಿಡಿ ಕಾಸೊಂದೇ ಸಿಕ್ಕಿದರೂ ಅದನ್ನು ತೊಳೆಯುವ ಮೊದಲು ಒಂದು ಕಾಗದದ ಲಕೋಟೆ ತೆಗೆದುಕೊಳ್ಳಿ. ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ: ಯಾವ ಊರು, ಯಾರ ಹೊಲ ಅಥವಾ ಹೊಳೆಯ ಯಾವ ದಡ, ಎಷ್ಟು ಆಳ, ತಾರೀಖು. ಪೆನ್ನಿನ ಶಾಯಿ ಕದಡುತ್ತದೆ, ಪೆನ್ಸಿಲು ಉಳಿಯುತ್ತದೆ. ಅಜ್ಜಿಯ ಊರಿನ ಆ ನುಣ್ಣನೆ ಬಿಲ್ಲೆಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಅದರ ಲಕೋಟೆಯ ಮೇಲೆ ಊರಿನ ಹೆಸರಿದೆ, ಬದುವಿನ ಗುರುತಿದೆ. ಇಸವಿಯ ಜಾಗ ಖಾಲಿ ಇದೆ.